ಕಪಾಟಿನಲ್ಲಿರುವ ಡಿಸ್ಕಿಗೆ ಎಚ್ಚರಿಕೆ ಕೇಳಿಸುವುದಿಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ಗದುಗಿನಿಂದ, ನಾನು ಕಾಕಾ ಅಂತ ಕರೆಯುವ ಒಬ್ಬ ಹಿರಿಯರು ಹುಬ್ಬಳ್ಳಿಯ ನಮ್ಮ ಮನೆಗೆ ಬಂದಿದ್ದರು. ಮೂವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ ನಡೆಸಿದವರು. ಕೈಯಲ್ಲಿ ಒಂದು ಅರಿವೆ ಚೀಲ, ಅದರೊಳಗೆ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಹಾರ್ಡ್ ಡಿಸ್ಕ್. 40 ಜಿಬಿಯದು, ಅಗಲವಾದ ಪಟ್ಟಿ ಕೇಬಲ್ ಹಾಕುವ ಹಳೇ ಐಡಿಇ ಡಿಸ್ಕ್. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ನೀಲಿ ಶಾಯಿಯಿಂದ 'ಪುಸ್ತಕ, ಸರ್ವರ್, 2004' ಅಂತ ಬರೆದಿತ್ತು. "ತಮ್ಮಾ, ನಾ ಅಚ್ಚು ಹಾಕಿದ ಪುಸ್ತಕ ಎಲ್ಲಾ ಇದರಾಗ ಅದಾವು. ಅಂಗಡ್ಯಾಗ ತೋರಿಸಿದೆ, ಡಿಸ್ಕ್ ಸತ್ತೈತಿ ಅಂದ್ರು. ಒಂದ್ಸಲ ನೀ ನೋಡು" ಅಂದರು.

ಡಿಸ್ಕ್ ಸತ್ತಿರಲಿಲ್ಲ. ಅಡಾಪ್ಟರ್ ಸಿಕ್ಕಿಸಿ ಪವರ್ ಕೊಟ್ಟ ತಕ್ಷಣ ಗುಂಯ್ ಅಂತ ತಿರುಗಲು ಶುರು ಮಾಡಿತು. ಟಕ್ ಟಕ್ ಅನ್ನುವ ಸದ್ದಿಲ್ಲ, ತಡವರಿಕೆ ಇಲ್ಲ. ಲ್ಯಾಪ್‌ಟಾಪಿನಲ್ಲಿ ಅದರ ಮೂರು ಪಾರ್ಟಿಷನ್‌ಗಳೂ ಸರಿಯಾಗಿ ಕಂಡವು. ಆದರೆ ತೆರೆಯಲು ಹೋದರೆ ಲಿನಕ್ಸ್ (ವಿಂಡೋಸ್‌ನ ಹಾಗೆ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ) ಒಂದೇ ಸಾಲಿನ ಉತ್ತರ ಕೊಟ್ಟಿತು: ರೀಸರ್‌ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಮ್ ಗೊತ್ತಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದನ್ನು ಓದುತ್ತಾ ಬಂದ ಲಿನಕ್ಸಿಗೆ ಈಗ ಅದು ಗೊತ್ತಿಲ್ಲ. ಯಾಕೆಂದರೆ 2025ರ ಜನವರಿಯಲ್ಲಿ ಬಿಡುಗಡೆಯಾದ 6.13ನೇ ಆವೃತ್ತಿಯಿಂದ ಲಿನಕ್ಸಿನ ತಿರುಳಾದ ಕರ್ನಲ್ ಬರೆಯುವವರು ರೀಸರ್‌ಎಫ್‌ಎಸ್ ಅನ್ನು ಪೂರ್ತಿ ತೆಗೆದುಹಾಕಿದ್ದಾರೆ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಅದಕ್ಕಿಂತ ಹೊಸ ಕರ್ನಲ್.

ಅಂಗಡಿಯಲ್ಲಿ ಏನಾಗಿತ್ತು ಅಂತ ಕೇಳಿದೆ. ಅಲ್ಲಿ ವಿಂಡೋಸ್ ಕಂಪ್ಯೂಟರಿಗೆ ಹಾಕಿ ನೋಡಿದ್ದಾರೆ. ವಿಂಡೋಸಿಗೆ ಈ ಫೈಲ್‌ಸಿಸ್ಟಮ್ ಯಾವತ್ತೂ ಗೊತ್ತಿರಲಿಲ್ಲ. ತನಗೆ ಗೊತ್ತಿಲ್ಲದ ಡಿಸ್ಕ್ ಕಂಡರೆ ಅದು 'ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲಾ?' ಅಂತ ಕೇಳುತ್ತದೆ. ಅಂಗಡಿಯ ಹುಡುಗ ಅದನ್ನೇ ಕಾಕಾ ಅವರಿಗೆ ಕೇಳಿದ್ದಾನೆ. ಇವರು ಯಾಕೋ ಬೇಡ ಅಂದಿದ್ದಾರೆ. ಹೂಂ ಅಂದಿದ್ದರೆ ಅಲ್ಲಿಗೆ ಕಥೆ ಮುಗಿದಿತ್ತು. ಈ ಪತ್ರ ಬರೆಯಲು ಕೂತಿದ್ದು ಆ 'ಬೇಡ' ನೆನಪಾಗಿಯೇ. ಎಷ್ಟು ಜನ ಹೂಂ ಅಂದಿರಬಹುದು?

ಕಂಪ್ಯೂಟರ್ ಒಳಗಿನ ವಿಷಯ ಗೊತ್ತಿಲ್ಲದ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. ಡಿಸ್ಕ್ ಅಂದರೆ ಬರೀ ಖಾಲಿ ಗೋದಾಮು. ಯಾವ ಫೈಲು ಎಲ್ಲಿದೆ, ಅದರ ಹೆಸರೇನು, ಎಷ್ಟು ದೊಡ್ಡದು, ಯಾವಾಗ ಬರೆದದ್ದು, ಇದನ್ನೆಲ್ಲ ಇಟ್ಟುಕೊಳ್ಳುವ ಲೆಕ್ಕದ ಪದ್ಧತಿಗೆ ಫೈಲ್‌ಸಿಸ್ಟಮ್ ಅನ್ನುತ್ತಾರೆ. ವಿಂಡೋಸಿಗೆ ಎನ್‌ಟಿಎಫ್‌ಎಸ್, ಪೆನ್ ಡ್ರೈವಿಗೆ ಫ್ಯಾಟ್, ಲಿನಕ್ಸಿಗೆ ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಹೀಗೆ ಒಬ್ಬೊಬ್ಬರದು ಒಂದೊಂದು ಪದ್ಧತಿ. ಆ ಲೆಕ್ಕ ಓದಲು ಬರುವವರಿಲ್ಲದಿದ್ದರೆ ಗೋದಾಮಿನಲ್ಲಿ ಸಾಮಾನು ತುಂಬಿದ್ದರೂ ಏನೂ ಸಿಗುವುದಿಲ್ಲ. ಲಿನಕ್ಸಿನಲ್ಲಿ ಈ ಲೆಕ್ಕ ಓದುವ ಕೆಲಸ ಕರ್ನಲ್‌ನದು, ಅಂದರೆ ಇಡೀ ವ್ಯವಸ್ಥೆಯ ಒಳಗಿನ ತಿರುಳಿನದು.

ನಮ್ಮ ಕಾಕಾ ಅವರ ಸರ್ವರಿನಲ್ಲಿ ಇದ್ದದ್ದು ಸೂಸೆ ಅನ್ನುವ ಕಂಪನಿಯ ಲಿನಕ್ಸ್. ಆ ಕಾಲದಲ್ಲಿ ಸೂಸೆ ಹಾಕಿದರೆ, ನೀವು ಬೇರೆ ಏನೂ ಆರಿಸದಿದ್ದರೆ, ಡಿಸ್ಕಿಗೆ ತಾನಾಗಿ ರೀಸರ್‌ಎಫ್‌ಎಸ್ ಬೀಳುತ್ತಿತ್ತು. ಯಾರೂ ಕೇಳಿ ಹಾಕಿಸಿಕೊಂಡದ್ದಲ್ಲ. ಕಾಕಾ ಅವರಿಗೆ ಆ ಹೆಸರೇ ಗೊತ್ತಿರಲಿಲ್ಲ, ಆವತ್ತು ನನ್ನ ಬಾಯಿಂದಲೇ ಮೊದಲ ಸಲ ಕೇಳಿದ್ದು.

ಆಗ ನಾನೂ ಅದನ್ನು ಮನಸಾರೆ ಮೆಚ್ಚಿ ಹಾಕುತ್ತಿದ್ದೆ, ಅದಕ್ಕೆ ಕಾರಣವಿತ್ತು. 2000ದ ಆಸುಪಾಸಿನಲ್ಲಿ ಲಿನಕ್ಸಿನಲ್ಲಿ ಎಲ್ಲರೂ ಬಳಸುತ್ತಿದ್ದದ್ದು ಎಕ್ಸ್‌ಟಿ2. ಕರೆಂಟ್ ಹೋಗಿ ಸರ್ವರ್ ದಿಢೀರ್ ಆಫ್ ಆಯಿತು ಅಂದರೆ ಮತ್ತೆ ಶುರುವಾಗುವಾಗ ಅದು ಇಡೀ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ತಪಾಸಣೆ ಮಾಡಬೇಕಿತ್ತು. ದೊಡ್ಡ ಡಿಸ್ಕ್ ಇದ್ದರೆ ಅರ್ಧ ಗಂಟೆ, ಕೆಲವೊಮ್ಮೆ ಜಾಸ್ತಿ. ದಿನಕ್ಕೆ ಮೂರು ಸಲ ಕರೆಂಟ್ ಹೋಗುವ ಊರಿನಲ್ಲಿ, ಯುಪಿಎಸ್ ಬ್ಯಾಟರಿ ಸೊರಗಿದ ಪ್ರೆಸ್ಸಿನಲ್ಲಿ, ಮದುವೆ ಸೀಸನ್ನಿನ ಲಗ್ನಪತ್ರಿಕೆ ಕೆಲಸ ತಲೆ ಮೇಲಿರುವಾಗ, ಆ ಅರ್ಧ ಗಂಟೆ ಏನು ಅಂತ ಅನುಭವಿಸಿದವರಿಗೇ ಗೊತ್ತು.

ರೀಸರ್‌ಎಫ್‌ಎಸ್ ಇದಕ್ಕೆ ಒಂದು ಪರಿಹಾರ ತಂತು. ನಮ್ಮ ಕಡೆ ಕಿರಾಣಿ ಅಂಗಡಿಯಲ್ಲಿ, ಸೊಸೈಟಿಯಲ್ಲಿ ಕಿರ್ದಿ ಬರೆಯುವುದು ನೋಡಿದ್ದೀರಲ್ಲ, ಹಾಗೆಯೇ. ಮೊದಲು ಆ ದಿನದ ವ್ಯವಹಾರ ಕಿರ್ದಿಗೆ, ಆಮೇಲೆ ಪುರುಸೊತ್ತಿನಲ್ಲಿ ಖಾತೆ ಪುಸ್ತಕಕ್ಕೆ. ನಡುವೆ ದೀಪ ಹೋದರೆ ಖಾತೆ ಪುಸ್ತಕವನ್ನೆಲ್ಲ ತಿರುವಿ ಹಾಕಬೇಕಾಗಿಲ್ಲ, ಕಿರ್ದಿಯ ಕೊನೆಯ ಕೆಲವು ಸಾಲು ನೋಡಿ ಸರಿ ಮಾಡಿಕೊಂಡರಾಯಿತು. ಇದಕ್ಕೆ ಜರ್ನಲಿಂಗ್ ಅನ್ನುತ್ತಾರೆ. 2001ರ ಆರಂಭದಲ್ಲಿ, ಕರ್ನಲ್ 2.4.1ರಲ್ಲಿ ರೀಸರ್‌ಎಫ್‌ಎಸ್ ಸೇರಿತು. ಲಿನಕ್ಸಿನ ಅಧಿಕೃತ ಕರ್ನಲ್ ಒಳಗೆ ಬಂದ ಮೊದಲ ಜರ್ನಲಿಂಗ್ ಫೈಲ್‌ಸಿಸ್ಟಮ್ ಅದೇ. ಎಕ್ಸ್‌ಟಿ3 ಬಂದದ್ದು ಅದೇ ವರ್ಷದ ಕೊನೆಗೆ. ಇನ್ನೊಂದು ಜಾಣತನವೂ ಅದರಲ್ಲಿತ್ತು. ಬೇರೆಯವು ಒಂದು ಪುಟಾಣಿ ಫೈಲಿಗೂ ಒಂದು ಇಡೀ ಬ್ಲಾಕ್ ಕೊಟ್ಟು ಮಿಕ್ಕ ಜಾಗ ಸುಮ್ನೆ ಬಿಡುತ್ತಿದ್ದವು. ಇದು ಸಣ್ಣ ಫೈಲುಗಳನ್ನು, ಫೈಲುಗಳ ಬಾಲದ ತುಂಡುಗಳನ್ನು ಒಂದೇ ಕಡೆ ಒತ್ತೊತ್ತಾಗಿ ಜೋಡಿಸುತ್ತಿತ್ತು. ಸಾವಿರಗಟ್ಟಲೆ ಸಣ್ಣ ಫೈಲು ಇರುವ ಮೇಲ್ ಸರ್ವರಿನವರಿಗೆ ಅದು ವರವಾಗಿತ್ತು. ಆ ಕಾಲದಲ್ಲಿ 'ಲಿನಕ್ಸ್ ಬೆಂಗಳೂರು' ಸಮ್ಮೇಳನಕ್ಕೆ ಹೋದರೆ ಊಟದ ಸಾಲಿನಲ್ಲೂ ಇದೇ ಮಾತು, ನೀವು ಎಕ್ಸ್‌ಟಿ3 ಕಡೆಯೋ ರೀಸರ್ ಕಡೆಯೋ ಅಂತ.

ಇಷ್ಟು ಒಳ್ಳೆಯದನ್ನು ಯಾಕೆ ತೆಗೆದರು? ಈ ಪ್ರಶ್ನೆಗೆ ಅಲ್ಲಿ ಇಲ್ಲಿ ಸಿಗುವ ಸುಲಭದ ಉತ್ತರವೊಂದಿದೆ, ಅದು ತಪ್ಪು. ಇದನ್ನು ಕಟ್ಟಿದ ಹಾನ್ಸ್ ರೀಸರ್ ಹೆಂಡತಿ ನೀನಾ ಅವರನ್ನು ಕೊಂದವನು. 2006ರಲ್ಲಿ ಕೊಲೆ, 2008ರಲ್ಲಿ ಕೋರ್ಟಿನಲ್ಲಿ ಅಪರಾಧ ಸಾಬೀತಾಯಿತು. ಒಬ್ಬ ತಾಯಿಯ ಜೀವ ಹೋದ ವಿಷಯ ಅದು, ಫೈಲ್‌ಸಿಸ್ಟಮ್ ಹೆಸರು ಬಂದಾಗೆಲ್ಲ ಅದರ ಮೇಲೆ ತಮಾಷೆ ಮಾಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಆದರೆ ಕರ್ನಲ್‌ನಿಂದ ತೆಗೆದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಆತ ಜೈಲಿಗೆ ಹೋದ ಮೇಲೂ ಆ ಕೋಡ್ ಹದಿನಾರು ವರ್ಷ ಕರ್ನಲ್ ಒಳಗೇ ಇತ್ತು. ಸೂಸೆ ಕೂಡ ಎಕ್ಸ್‌ಟಿ3ಗೆ ಬದಲಾಗುವ ಪ್ರಸ್ತಾಪ ಇಟ್ಟದ್ದು 2006ರ ಸೆಪ್ಟೆಂಬರಿನಲ್ಲಿ, ಆತನ ಬಂಧನವಾದದ್ದು ಅದರ ಮುಂದಿನ ತಿಂಗಳು. ಜೈಲಿನಿಂದ ಆತ ಬರೆದ ಒಂದು ಪತ್ರ 2024ರ ಜನವರಿಯಲ್ಲಿ ಹೊರಬಂತು. ಜೊತೆಗಾರರ ಜೊತೆ ತಾನು ನಡೆದುಕೊಂಡ ರೀತಿಗೆ ಅದರಲ್ಲಿ ವಿಷಾದ ಹೇಳಿಕೊಂಡಿದ್ದಾನೆ, ಕೆಲಸ ಮಾಡಿದ ಬೇರೆಯವರಿಗೆ ಹೆಸರು ಸಲ್ಲಲಿ ಅಂತಲೂ ಕೇಳಿದ್ದಾನೆ.

ನಿಜವಾದ ಕಾರಣ ಇಷ್ಟು ರೋಚಕವಾಗಿಲ್ಲ. ನೋಡಿಕೊಳ್ಳುವವರು ಇರಲಿಲ್ಲ.

ಕರ್ನಲ್ ಒಳಗೆ ಇರುವ ಕೋಡ್ ಸುಮ್ನೆ ಕೂತಿರುವುದಿಲ್ಲ. ಪಕ್ಕದ ಗೋಡೆ ಬದಲಾದರೆ ಅದೂ ಬದಲಾಗಬೇಕು. ಕರ್ನಲ್ ಹತ್ತಾರು ಫೈಲ್‌ಸಿಸ್ಟಮ್‌ಗಳನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸಿಕೊಂಡಿದೆ. ಚೌಕಟ್ಟನ್ನು ಸುಧಾರಿಸಬೇಕಾದಾಗೆಲ್ಲ, ಬಳಸುವವರಿರಲಿ ಬಿಡಲಿ, ಅಷ್ಟನ್ನೂ ತಿದ್ದಬೇಕು, ಅಷ್ಟನ್ನೂ ಪರೀಕ್ಷೆ ಮಾಡಬೇಕು. 2022ರ ಫೆಬ್ರವರಿಯಲ್ಲಿ ಮ್ಯಾಥ್ಯೂ ವಿಲ್ಕಾಕ್ಸ್ ಅನ್ನುವ ಕರ್ನಲ್ ಡೆವಲಪರ್ ಎತ್ತಿದ ಮಾತು ಇದೇ. ಫೈಲಿಗೆ ಬರೆಯುವ ಕೆಲಸ ಶುರು ಮಾಡುವ ಒಂದು ಫಂಕ್ಷನ್ನಿನಲ್ಲಿ ಒಂದು ಹಳೇ ಸೂಚನೆ ಉಳಿದುಕೊಂಡಿತ್ತು. ಅದನ್ನು ಬಳಸುತ್ತಿದ್ದದ್ದು ರೀಸರ್‌ಎಫ್‌ಎಸ್ ಒಂದೇ. ಅದೊಂದಕ್ಕಾಗಿ ಎಲ್ಲ ಫೈಲ್‌ಸಿಸ್ಟಮ್‌ಗಳ ಕೋಡ್ ಸ್ವಚ್ಛ ಮಾಡುವ ಕೆಲಸ ನಿಂತಿತ್ತು.

ಇದರ ಜೊತೆ ಸುರಕ್ಷತೆಯ ಪ್ರಶ್ನೆಯೂ ಇದೆ, ನನಗೆ ಅದೇ ದೊಡ್ಡದು. ಡಿಸ್ಕಿನ ಲೆಕ್ಕ ಓದುವ ಕೋಡ್ ಕರ್ನಲ್ ಒಳಗೆ, ಎಲ್ಲ ಅಧಿಕಾರ ಇಟ್ಟುಕೊಂಡು ಓಡುತ್ತದೆ. ಯಾರೋ ಬೇಕಂತಲೇ ತಪ್ಪು ಲೆಕ್ಕ ಬರೆದ ಪೆನ್ ಡ್ರೈವ್ ಕೊಟ್ಟರು, ನೀವು ಸಿಕ್ಕಿಸಿದಿರಿ, ಕಂಪ್ಯೂಟರ್ ತಾನಾಗಿ ಅದನ್ನು ತೆರೆಯಲು ಹೋಯಿತು ಅಂದುಕೊಳ್ಳಿ. ಇಪ್ಪತ್ತು ವರ್ಷದಿಂದ ಯಾರೂ ಕಣ್ಣಿಟ್ಟು ನೋಡದ ಕೋಡಿನಲ್ಲಿ ಒಂದು ತೂತು ಇದ್ದರೆ ಸಾಕು, ಇಡೀ ಕಂಪ್ಯೂಟರ್ ಕಳ್ಳನ ಕೈಗೆ. ಗೂಗಲ್‌ನ ಸಿಜ್‌ಬಾಟ್ ಅನ್ನುವ ಯಂತ್ರ ಹಗಲೂ ರಾತ್ರಿ ಇಂಥ ಕೆಟ್ಟ ಡಿಸ್ಕ್ ಚಿತ್ರಗಳನ್ನು ತಯಾರಿಸಿ ಕರ್ನಲ್‌ಗೆ ತಿನ್ನಿಸಿ ದೋಷ ಹುಡುಕುತ್ತದೆ. ಹುಡುಕಿ ಕೊಡುತ್ತದೆ, ಸರಿ. ತಿದ್ದುವವರು ಯಾರು? ಬಳಸುವವರೇ ಇಲ್ಲದ ಕೋಡಿಗೆ ಯಾರು ರಾತ್ರಿ ಕೂರುತ್ತಾರೆ?

ಇನ್ನು 2038ರ ತೊಂದರೆ. ಹಳೇ ಪದ್ಧತಿಯಲ್ಲಿ ಸಮಯವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ, 32 ಬಿಟ್‌ನ ಜಾಗದಲ್ಲಿ ಎಣಿಸುತ್ತಾರೆ. 2038ರ ಜನವರಿ 19ಕ್ಕೆ ಆ ಜಾಗ ತುಂಬುತ್ತದೆ. ರೀಸರ್‌ಎಫ್‌ಎಸ್ ಕೂಡ ಸಮಯವನ್ನು 32 ಬಿಟ್‌ನಲ್ಲೇ ಬರೆಯುತ್ತದೆ, ಹಾಗಾಗಿ ಈ ಪ್ರಶ್ನೆ ಅದಕ್ಕೂ ಬರುತ್ತಿತ್ತು.

ಹಾಗಾಗಿ ತೆಗೆದದ್ದು ಸರಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕಾಕಾ ಅವರ ಡಿಸ್ಕ್ ನೋಡಿದ ಮೇಲೆ ನನ್ನ ಗೆಳೆಯರಲ್ಲೇ ಕೆಲವರು ಕರ್ನಲ್‌ನವರನ್ನು ಬೈಯಲು ಶುರು ಮಾಡಿದರು. ಪುಕ್ಕಟೆ ಕೊಟ್ಟವರು ಕೊನೆಯವರೆಗೂ ಹೊರಬೇಕು ಅನ್ನುವುದು ನ್ಯಾಯವಲ್ಲ. 30 ಸಾವಿರಕ್ಕೂ ಹೆಚ್ಚು ಸಾಲಿನ ಕೋಡ್ ಅದು. ಅದನ್ನು ತೆಗೆದ ಸೂಸೆಯ ಯಾನ್ ಕಾರಾ ಅವರೇ ಅದಕ್ಕೂ ಮೊದಲು ವರ್ಷಗಟ್ಟಲೆ ಅದರ ಸಣ್ಣಪುಟ್ಟ ರಿಪೇರಿ ಮಾಡಿಕೊಂಡು ಬಂದವರು. ಗಿಡಕ್ಕೆ ನೀರು ಹಾಕಿದವರೇ ಒಣಗಿದ ಮೇಲೆ ಕಿತ್ತಿದ್ದಾರೆ.

ಅವರು ಸಮಯವನ್ನೂ ಕೊಟ್ಟರು. 2022ರಲ್ಲಿ ಇನ್ನೂ ಬಳಸುತ್ತಿದ್ದೇವೆ ಅಂದವರ ಮಾತು ಕೇಳಿ 2025ರವರೆಗೆ ಗಡುವು ಇಟ್ಟರು. 2022ರಲ್ಲೇ ಬಂದ 5.18ನೇ ಆವೃತ್ತಿಯಿಂದ, ಯಾರು ರೀಸರ್‌ಎಫ್‌ಎಸ್ ಡಿಸ್ಕ್ ತೆರೆದರೂ ಕರ್ನಲ್‌ನ ಲಾಗ್‌ನಲ್ಲಿ, ಅಂದರೆ ಅದರ ದಿನಚರಿಯಲ್ಲಿ, ಒಂದು ಸಾಲು ಬೀಳುವಂತೆ ಮಾಡಿದರು: ಇದನ್ನು ಬಳಸುವುದು ಬಿಡಿ, 2025ಕ್ಕೆ ತೆಗೆಯುತ್ತೇವೆ ಅಂತ. ಸುಮಾರು ಮೂರು ವರ್ಷ ಆ ಸಾಲು ಬೀಳುತ್ತಾ ಬಂತು.

ನನ್ನ ದೂರು ಇರುವುದು ಇಲ್ಲಿಯೇ. ಆ ಎಚ್ಚರಿಕೆ ಬೀಳುವುದು ಡಿಸ್ಕ್ ತೆರೆದಾಗ ಮಾತ್ರ. ಓಡುತ್ತಿರುವ ಸರ್ವರಿಗೆ ಅದು ಸರಿ, ಅದನ್ನು ನೋಡಿಕೊಳ್ಳುವ ಅಡ್ಮಿನ್ ಇದ್ದೇ ಇರುತ್ತಾನೆ, ಒಂದಲ್ಲ ಒಂದು ದಿನ ಲಾಗ್ ನೋಡುತ್ತಾನೆ. ಆದರೆ ಕಪಾಟಿನಲ್ಲಿ, ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಪೇಪರಿನಲ್ಲಿ ಸುತ್ತಿಟ್ಟ ಡಿಸ್ಕಿಗೆ ಎಚ್ಚರಿಕೆ ಹೇಳುವವರು ಯಾರು? ಅದನ್ನು ಯಾರೂ ತೆರೆಯುತ್ತಿಲ್ಲ. ಹಾಗಾಗಿ ಅದರ ಬಗ್ಗೆ ಒಂದು ಸಾಲೂ ಎಲ್ಲೂ ಬೀಳುವುದಿಲ್ಲ. 'ಬಳಸುವವರು ಯಾರೂ ಉಳಿದಿಲ್ಲ' ಅನ್ನುವ ಲೆಕ್ಕದಲ್ಲೂ ಅದು ಸಿಗುವುದಿಲ್ಲ. ಅದರ ಯಜಮಾನರಿಗೆ ಎಪ್ಪತ್ತು ವರ್ಷ, ಕರ್ನಲ್‌ನವರು ಮಾತಾಡಿಕೊಳ್ಳುವ ಇಂಗ್ಲಿಷ್ ಮೇಲಿಂಗ್ ಲಿಸ್ಟ್ ಅಂದರೇನು ಅಂತ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವರು ಓದುವುದು ನಿಮ್ಮ ಪತ್ರಿಕೆ.

ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕಿನಲ್ಲಿ ವಿಲೀನವಾದಾಗ ನೆನಪಿದೆಯಲ್ವಾ? ಹಳೇ ಚೆಕ್ ಪುಸ್ತಕ ಎಲ್ಲಿಯವರೆಗೆ ನಡೆಯುತ್ತದೆ, ಐಎಫ್‌ಎಸ್‌ಸಿ ಕೋಡ್ ಯಾವಾಗ ಬದಲಾಗುತ್ತದೆ ಅಂತ ಪತ್ರಿಕೆಗಳಲ್ಲಿ ಕನ್ನಡದಲ್ಲಿ ಬಂತು. ಜನ ಓದಿದರು, ಬ್ಯಾಂಕಿಗೆ ಹೋಗಿ ಬದಲಾಯಿಸಿಕೊಂಡರು. ಒಂದು ಫೈಲ್‌ಸಿಸ್ಟಮ್ ಹೋಗುವುದೂ ಅಂಥದ್ದೇ ಸುದ್ದಿ. ನಿಮ್ಮ ಪತ್ರಿಕೆಯ ತಂತ್ರಜ್ಞಾನದ ಪುಟದಲ್ಲಿ ಹೊಸ ಫೋನಿಗೆ ಅರ್ಧ ಪುಟ ಕೊಡುತ್ತೀರಿ. ಹೋಗುತ್ತಿರುವುದಕ್ಕೆ ನಾಲ್ಕು ಸಾಲು ಕೊಡಿ ಅಂತ ನನ್ನ ಮನವಿ.

ಎಲ್ಲ ತೆಗೆಯುವಿಕೆಯೂ ಒಂದೇ ಥರ ಅಲ್ಲ, ಅದನ್ನೂ ಹೇಳಬೇಕು, ಇಲ್ಲದಿದ್ದರೆ ಜನ ಸುಮ್ನೆ ಗಾಬರಿಯಾಗುತ್ತಾರೆ. 2015ರಲ್ಲಿ ಎಕ್ಸ್‌ಟಿ3ರ ಕೋಡನ್ನೂ ಕರ್ನಲ್ 4.3ರಲ್ಲಿ ತೆಗೆದರು. ಯಾರಿಗೂ ಏನೂ ತೊಂದರೆಯಾಗಲಿಲ್ಲ, ಯಾಕೆಂದರೆ ಎಕ್ಸ್‌ಟಿ4ರ ಕೋಡೇ ಎಕ್ಸ್‌ಟಿ2, ಎಕ್ಸ್‌ಟಿ3 ಡಿಸ್ಕುಗಳನ್ನು ತೆರೆಯುತ್ತದೆ. ನಿಮ್ಮ ಹಳೇ ಡಿಸ್ಕ್ ರೆಡ್ ಹ್ಯಾಟ್ ಅಥವಾ ಡೆಬಿಯನ್ ಅನ್ನುವ ಲಿನಕ್ಸಿನ ಕಾಲದ್ದಾದರೆ ಬಹುಪಾಲು ಇದೇ ಗುಂಪು, ಹೆದರಬೇಡಿ. 2024ರಲ್ಲಿ ಹಳೇ ಎನ್‌ಟಿಎಫ್‌ಎಸ್ ಕೋಡ್ ಹೋಯಿತು, ಅದರ ಜಾಗದಲ್ಲಿ ಅದಕ್ಕಿಂತ ಒಳ್ಳೆಯದು ಆಗಲೇ ಬಂದಿತ್ತು. ಹಿಂದೆ ಹೋದರೆ, ಲಿನಕ್ಸಿಗೆಂದೇ ಬರೆದ ಮೊಟ್ಟಮೊದಲ ಎಕ್ಸ್‌ಟಿ, ಅದರ ಜೊತೆಗಾರ ಸಿಯಾಎಫ್‌ಎಸ್ ಎರಡೂ ತೊಂಬತ್ತರ ದಶಕದಲ್ಲೇ ಹೊರಟುಹೋದವು. ವಾರಸುದಾರರಿಲ್ಲದೆ ಹೋದದ್ದು ರೀಸರ್‌ಎಫ್‌ಎಸ್. 2025ರಲ್ಲಿ ಹಳೇ ಯುನಿಕ್ಸ್‌ನ ಸಿಸ್ಟಮ್ ಫೈವ್ ಫೈಲ್‌ಸಿಸ್ಟಮ್ ಕೂಡ ಹಾಗೇ ಹೋಯಿತು.

ಒಬ್ಬರಾದರೂ ಮುಂದೆ ಬಂದರೆ ಉಳಿಯುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಹಳೇ ಮ್ಯಾಕ್ ಕಂಪ್ಯೂಟರುಗಳ ಎಚ್‌ಎಫ್‌ಎಸ್ ಬಹಳ ವರ್ಷ ಅನಾಥವಾಗಿ ಬಿದ್ದಿತ್ತು. ಆಪಲ್ ಕಂಪನಿಯವರೇ 2019ರ ಕ್ಯಾಟಲೀನಾದಲ್ಲಿ ಅದನ್ನು ಕೈಬಿಟ್ಟರು. ಲಿನಕ್ಸಿನಲ್ಲೂ ಅದರ ತಲೆ ಮೇಲೆ ಕತ್ತಿ ತೂಗುತ್ತಿತ್ತು, 2025ರಲ್ಲಿ ಇಬ್ಬರು ಅದರ ಜವಾಬ್ದಾರಿ ಹೊತ್ತರು, ಹಾಗಾಗಿ ಉಳಿದುಕೊಂಡಿದೆ. ತೊಂಬತ್ತರ ದಶಕದಲ್ಲಿ ಮ್ಯಾಕ್ ಮೇಲೆ ಪುಟ ಕಟ್ಟಿದ ಕನ್ನಡ ಪ್ರೆಸ್ಸಿನವರು ಆ ಇಬ್ಬರಿಗೆ ಋಣಿ.

ಮುಂದೆ ಬರುವುದು ಎಕ್ಸ್‌ಎಫ್‌ಎಸ್‌ನ ಹಳೇ ರೂಪ. ಇದನ್ನು ದಯವಿಟ್ಟು ಸರ್ವರ್ ನೋಡಿಕೊಳ್ಳುವವರು ಗಮನಿಸಿ. ಎಕ್ಸ್‌ಎಫ್‌ಎಸ್ ಎಲ್ಲಿಗೂ ಹೋಗುತ್ತಿಲ್ಲ, ಆದರೆ ಅದರ ನಾಲ್ಕನೇ ಆವೃತ್ತಿಯ ಡಿಸ್ಕುಗಳಿಗೆ ಕೊಡುವ ಬೆಂಬಲವನ್ನು 2030ರ ಸೆಪ್ಟೆಂಬರಿಗೆ ತೆಗೆಯುತ್ತೇವೆ ಅಂತ ಕರ್ನಲ್‌ನ ದಾಖಲೆಯಲ್ಲೇ ಬರೆದಿದ್ದಾರೆ. ಸುಮಾರು 2015ಕ್ಕಿಂತ ಮೊದಲು ಮಾಡಿದ ಎಕ್ಸ್‌ಎಫ್‌ಎಸ್ ಡಿಸ್ಕ್ ಆದರೆ ಅನುಮಾನ ಪಡಿ. ಎಕ್ಸ್‌ಎಫ್‌ಎಸ್ ಇನ್‌ಫೋ ಕಮಾಂಡ್ ಹೊಡೆದು ಸಿಆರ್‌ಸಿ ಮುಂದೆ ಸೊನ್ನೆ ಇದ್ದರೆ ಅದು ಹಳೇ ರೂಪ. ಇದ್ದ ಡಿಸ್ಕಿನಲ್ಲೇ ಅದನ್ನು ಹೊಸ ರೂಪಕ್ಕೆ ಬದಲಾಯಿಸಲು ಬರುವುದಿಲ್ಲ. ಬೇರೆ ಡಿಸ್ಕಿಗೆ ಕಾಪಿ ಮಾಡಿಯೇ ಆಗಬೇಕು. ಇನ್ನೂ ಸಮಯವಿದೆ, ಈಗಲೇ ಮಾಡಿ.

ಈಗ ಕಾಕಾ ಅವರ ಡಿಸ್ಕಿಗೆ ಬರುತ್ತೇನೆ. ಹೇಗೆ ತೆರೆದೆ ಅಂತ ಬರೆದರೆ ಬೇರೆ ಯಾರಿಗಾದರೂ ಉಪಯೋಗವಾಗಬಹುದು.

ಮೊದಲು ಡಿಸ್ಕಿನ ಹಸಿ ಬೈಟುಗಳನ್ನು ತೆರೆದು ನೋಡಿದೆ. ಪಾರ್ಟಿಷನ್ನಿನ ಆರಂಭದಿಂದ 64 ಕಿಲೋಬೈಟ್ ಮುಂದೆ ಹೋದರೆ ರೀಸರ್‌ಎಫ್‌ಎಸ್ ತನ್ನ ಗುರುತು ಬರೆದಿಟ್ಟಿರುತ್ತದೆ. ಅಲ್ಲಿ ಇತ್ತು: ರೀಸರ್ ಅನ್ನುವ ಇಂಗ್ಲಿಷ್ ಹೆಸರು, ಒಂದು ಅಕ್ಷರ ದೊಡ್ಡದು ಒಂದು ಚಿಕ್ಕದು, ಹೀಗೆ ಏರಿಳಿತದಲ್ಲಿ, ಆಮೇಲೆ ಎರಡು ಅನ್ನುವ ಅಂಕಿ, ಆಮೇಲೆ ಎಫ್‌ಎಸ್. ಅದನ್ನು ತೆರೆಯಲ್ಲಿ ತೋರಿಸಿದೆ. ಕಾಕಾ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಅಂದ್ರ ಜೀವ ಐತಿ ಅಂದಂಗಾತು" ಅಂದರು.

ಎರಡನೇ ಕೆಲಸ, ಮೂಲ ಡಿಸ್ಕನ್ನು ಮುಟ್ಟದೆ ಅದರ ಪೂರ್ತಿ ನಕಲು ತೆಗೆದದ್ದು. ಇದಕ್ಕೆ ಡಿಡಿ ರೆಸ್ಕ್ಯೂ ಅನ್ನುವ ಉಚಿತ ಪ್ರೋಗ್ರಾಮ್ ಇದೆ. ಅದಕ್ಕೆ ಫೈಲ್‌ಸಿಸ್ಟಮ್ ಗೊತ್ತಿರಬೇಕಾಗಿಲ್ಲ. ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಇದ್ದದ್ದನ್ನು ಇದ್ದ ಹಾಗೆ ಎತ್ತುತ್ತದೆ, ಓದಲಾಗದ ಜಾಗ ಬಂದರೆ ಪಕ್ಕಕ್ಕಿಟ್ಟು ಕೊನೆಗೆ ಮತ್ತೆ ಪ್ರಯತ್ನಿಸುತ್ತದೆ. ಹಳೇ ಡಿಸ್ಕ್ ಯಾವಾಗ ಕೈಕೊಡುತ್ತದೋ ಹೇಳಲಾಗದು, ಮೊದಲು ನಕಲು, ಆಮೇಲೆ ಮಿಕ್ಕಿದ್ದು. ಇನ್ನೂ ಒಂದು ಕಾರಣ ಇದೆ. ಜರ್ನಲಿಂಗ್ ಇರುವ ಫೈಲ್‌ಸಿಸ್ಟಮನ್ನು 'ಬರೀ ಓದಲು' ಅಂತ ತೆರೆದರೂ, ಹಿಂದೆ ಸರಿಯಾಗಿ ಮುಚ್ಚಿರದಿದ್ದರೆ, ಕಿರ್ದಿಯಲ್ಲಿ ಉಳಿದದ್ದನ್ನು ಖಾತೆಗೆ ಬರೆಯಲು ಹೋಗುತ್ತದೆ. ಹಾಗಾಗಿ ಏನೇ ಮಾಡುವುದಿದ್ದರೂ ನಕಲಿನ ಮೇಲೆ ಮಾಡಿ. ಇಂಟರ್‌ನೆಟ್ಟಿನಲ್ಲಿ ಓದಿ ರೀಸರ್‌ನ ರಿಪೇರಿ ಪ್ರೋಗ್ರಾಮಿಗೆ 'ರೀಬಿಲ್ಡ್ ಟ್ರೀ' ಅಂತ ಹೇಳಿ ಓಡಿಸಬೇಡಿ, ಮೂಲ ಡಿಸ್ಕಿನ ಮೇಲಂತೂ ಬೇಡವೇ ಬೇಡ. ಆ ಡಿಸ್ಕಿನ ಒಳಗೆ ಇನ್ನೊಂದು ರೀಸರ್ ಡಿಸ್ಕಿನ ಬ್ಯಾಕಪ್ ಚಿತ್ರ ಫೈಲಾಗಿ ಇದ್ದರೆ ಎರಡರ ಲೆಕ್ಕವನ್ನೂ ಕಲಸಿ ಹಾಕುವ ಅಪಾಯ ಅದರಲ್ಲಿದೆ.

ನಕಲು ಸಿಕ್ಕ ಮೇಲೆ ಉಳಿದದ್ದು ಸಲೀಸು. ನನ್ನ ಹತ್ತಿರ ಒಂದು ಹಳೇ ಕ್ನಾಪಿಕ್ಸ್ ಡಿವಿಡಿ ಇತ್ತು, ಡಿವಿಡಿಯಿಂದಲೇ ನೇರ ಓಡುವ ಲಿನಕ್ಸ್ ಅದು. ಲ್ಯಾಪ್‌ಟಾಪಿನೊಳಗೇ ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ತೋರಿಕೆಯ ಕಂಪ್ಯೂಟರ್, ಮಾಡಿ ಅದರಲ್ಲಿ ಆ ಡಿವಿಡಿ ಓಡಿಸಿದೆ. ಅದರ ಕರ್ನಲ್ ಹಳೆಯದು, ರೀಸರ್‌ಎಫ್‌ಎಸ್ ಬರುತ್ತದೆ. ಡಿವಿಡಿ ಇಲ್ಲದವರು ದೀರ್ಘಾವಧಿ ಬೆಂಬಲದ 6.12 ಕರ್ನಲ್ ಅಥವಾ ಅದಕ್ಕಿಂತ ಹಳೆಯದು ಹುಡುಕಿಕೊಳ್ಳಿ, ರೀಸರ್ ಮಾಡ್ಯೂಲ್ ಅದರಲ್ಲಿ ಸೇರಿಸಿದ್ದಾರಾ ಅಂತ ನೋಡಿಕೊಳ್ಳಿ. ಹಳೇ ಕರ್ನಲ್ ಯಾವುದೂ ಅಳಿದುಹೋಗಿಲ್ಲ, ಅಷ್ಟೂ ಆವೃತ್ತಿಗಳು ಸಾರ್ವಜನಿಕವಾಗಿ ಉಳಿದಿವೆ. ಓಪನ್ ಸೋರ್ಸ್ ಆಗಿರುವುದರ ದೊಡ್ಡ ಲಾಭ ಇದು. ಕಂಪನಿಯೊಂದು ಬೀಗ ಹಾಕಿ ಕೀಲಿಯನ್ನು ಹೊಳೆಗೆ ಎಸೆದಂತೆ ಇಲ್ಲಿ ಆಗುವುದಿಲ್ಲ. ಇಲ್ಲಿ ಕೀಲಿ ಗೋಡೆಯ ಮೊಳೆಗೇ ನೇತಾಡುತ್ತಿದೆ, ಎಲ್ಲಿ ಅಂತ ಹೇಳುವವರು ಬೇಕು ಅಷ್ಟೇ.

ತೆರೆಯಿತು. ಫೋಲ್ಡರುಗಳ ಹೆಸರು ಒಂದೊಂದೇ ಸಾಲಾಗಿ ಬಂದವು. ಮಠದ ಸ್ಮರಣ ಸಂಚಿಕೆ, ಒಂದು ಹೈಸ್ಕೂಲಿನ ಬೆಳ್ಳಿಹಬ್ಬದ ಪುಸ್ತಕ, ಯಾರೋ ಮೇಷ್ಟ್ರು ಜೀವಮಾನವೆಲ್ಲ ಕೂಡಿಸಿದ ಹಂತಿ ಪದಗಳು, ಲಗ್ನಪತ್ರಿಕೆಗಳಂತೂ ಲೆಕ್ಕವಿಲ್ಲ. ಹಂತಿ ಪದದ ಫೋಲ್ಡರ್ ಕಂಡಾಗ ಕಾಕಾ ಸುಮ್ಮನಾದರು. ಆ ಮೇಷ್ಟ್ರು ತೀರಿಕೊಂಡು ಎಂಟು ವರ್ಷ ಆಯಿತಂತೆ. ಪುಸ್ತಕ 300 ಪ್ರತಿ ಅಚ್ಚಾಗಿತ್ತು, ಇವರ ಹತ್ತಿರ ಈಗ ಒಂದೂ ಇಲ್ಲ. ಮನೆಯವರು ಮರುಮುದ್ರಣ ಮಾಡೋಣ ಅಂತ ಕೇಳಿಕೊಂಡು ಬಂದದ್ದಕ್ಕೇ ಇವರು ಆ ಡಿಸ್ಕ್ ಹುಡುಕಿದ್ದು.

ಫೈಲು ತೆರೆದರೆ ಇನ್ನೊಂದು ಬೀಗ. ಕನ್ನಡ ಕಾಣಲಿಲ್ಲ, ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆಗಳ ರಾಶಿ. ಅದು ನುಡಿ ಫಾಂಟಿನ ಹಳೇ ಪದ್ಧತಿಯಲ್ಲಿ ಟೈಪ್ ಮಾಡಿದ್ದು, ಯುನಿಕೋಡ್ ಅಲ್ಲ. ಇದಕ್ಕೆ ಪರಿವರ್ತಕಗಳಿವೆ, ಬದಲಾಯಿಸಿದೆ, ಕೆಲವು ಒತ್ತಕ್ಷರ ಅರ್ಕಾವತ್ತು ಕೈಯಿಂದ ತಿದ್ದಬೇಕಾಯಿತು. ಕನ್ನಡದ ಹಳೇ ಡಿಸ್ಕುಗಳಿಗೆ ಹೀಗೆ ಎರಡು ಬೀಗ. ಹೊರಗಿನದು ಫೈಲ್‌ಸಿಸ್ಟಮ್, ಒಳಗಿನದು ಫಾಂಟು. ಒಳಗಿನ ಬೀಗದ ಬಗ್ಗೆ ನಾವು ಕನ್ನಡಿಗರು ವರ್ಷಗಟ್ಟಲೆ ಮಾತಾಡಿದ್ದೇವೆ, ಪರಿವರ್ತಕ ಬರೆದಿದ್ದೇವೆ. ಹೊರಗಿನದರ ಬಗ್ಗೆ ಮಾತೇ ಆಡಿಲ್ಲ.

ಹಾಗಾಗಿ ವಿಶ್ವವಿದ್ಯಾಲಯಗಳ ಪ್ರಸಾರಾಂಗದವರು, ಗ್ರಂಥಾಲಯದವರು, ಸಂಘ ಸಂಸ್ಥೆಗಳವರು, ಪ್ರೆಸ್ಸಿನವರು ಒಂದು ದಿನ ಕೂತು ಕಪಾಟು ತೆರೆಯಬೇಕು. ಎಷ್ಟು ಡಿಸ್ಕ್, ಎಷ್ಟು ಸಿಡಿ, ಯಾವ ವರ್ಷದ್ದು, ಯಾವ ಕಂಪ್ಯೂಟರಿನಿಂದ ತೆಗೆದದ್ದು ಅಂತ ಒಂದು ಪಟ್ಟಿ ಮಾಡಬೇಕು. 2001ರಿಂದ 2006ರ ನಡುವಿನ ಲಿನಕ್ಸ್ ಡಿಸ್ಕ್ ಇದ್ದರೆ, ಅದರಲ್ಲೂ ಸೂಸೆ ಇದ್ದರೆ, ಅದನ್ನು ಮೊದಲ ಸಾಲಿನಲ್ಲಿಡಿ. ಲಿನಕ್ಸ್ ಬಲ್ಲ ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಎಲ್ಲ ಜಿಲ್ಲೆಯಲ್ಲೂ ಇದ್ದಾರೆ, ಅವರ ಮೇಷ್ಟ್ರುಗಳು ಇದನ್ನು ಒಂದು ಪ್ರಾಜೆಕ್ಟ್ ಮಾಡಿ ಕೊಡಬಹುದಲ್ವಾ? ಮತ್ತು ಕಂಪ್ಯೂಟರ್ ರಿಪೇರಿ ಅಂಗಡಿಯವರಲ್ಲಿ ಒಂದು ಕಳಕಳಿಯ ಮಾತು. ಹಳೇ ಡಿಸ್ಕ್ ಬಂದು ವಿಂಡೋಸ್ 'ಫಾರ್ಮ್ಯಾಟ್ ಮಾಡಲಾ' ಅಂತ ಕೇಳಿದರೆ, ಡಿಸ್ಕ್ ಸತ್ತಿದೆ ಅಂತ ಹೇಳಬೇಡಿ. ಇದು ಲಿನಕ್ಸ್ ಡಿಸ್ಕ್ ಇರಬಹುದು, ಗೊತ್ತಿದ್ದವರಿಗೆ ತೋರಿಸಿ ಅನ್ನಿ.

ಹಂತಿ ಪದದ ಪುಸ್ತಕ ಈಗ ಯುನಿಕೋಡಿನಲ್ಲಿದೆ, ಎರಡು ಕಡೆ ಇಟ್ಟಿದ್ದೇವೆ, ಮೇಷ್ಟ್ರ ಮಗಳು ಕರಡು ತಿದ್ದುತ್ತಿದ್ದಾರೆ. ಕಾಕಾ ನಿನ್ನೆ ಫೋನ್ ಮಾಡಿದ್ದರು. ಅಟ್ಟದ ಮೇಲೆ ಇನ್ನೊಂದು ಡಿಸ್ಕ್ ಸಿಕ್ಕಿದೆಯಂತೆ, ಚೀಟಿ ಹರಿದಿದೆ, 2002 ಅಂತ ಮಾತ್ರ ಕಾಣುತ್ತದಂತೆ. ಯಾರಿಗೂ ಕೊಡಬೇಡಿ, ಎಲ್ಲೂ ಸಿಕ್ಕಿಸಬೇಡಿ, ಭಾನುವಾರ ನಾನೇ ಬರುತ್ತೇನೆ ಅಂದಿದ್ದೇನೆ.

ಇಂತಿ ನಿಮ್ಮ ಓದುಗ,
ಹುಬ್ಬಳ್ಳಿ